ಈ ಯುದ್ಧಕ್ಕೆ ನಾನು ಬರುವುದಿಲ್ಲ ಎಂದವರು

(ಇದು ಒಂದು ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಕೊನೆಯಲ್ಲಿ ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ನೇರವಾಗಿ ವಿಷಯಕ್ಕೆ ಬರುತ್ತೇನೆ.

"ಒಬ್ಬ ಜರ್ಮನ್ ಸಿಪಾಯಿ ನಿನ್ನ ಮನೆಗೆ ನುಗ್ಗಿ ನಿನ್ನ ತಾಯಿಯ ಮೇಲೆ ಕೈ ಮಾಡಿದರೆ ಏನು ಮಾಡ್ತೀಯ?" ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಬ್ರಿಟನ್ನಿನ ಊರೂರಿನ ಟ್ರಿಬ್ಯೂನಲ್‌ಗಳಲ್ಲಿ ಇಂಥ ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತಿತ್ತು. ಒಮ್ಮೆ ತಾಯಿ, ಒಮ್ಮೆ ತಂಗಿ, ಒಮ್ಮೆ ಹೆಂಡತಿ. ಆ ವರ್ಷದ ಜನವರಿಯಲ್ಲಿ ಅಲ್ಲಿ ಕಡ್ಡಾಯ ಸೇನಾ ಸೇವೆಯ ಕಾನೂನು ಬಂದಿತ್ತು. ಮೊದಲು ಮದುವೆಯಾಗದ ಗಂಡಸರು, ಕೆಲವೇ ತಿಂಗಳಲ್ಲಿ ಮದುವೆಯಾದವರು, ಎಲ್ಲರೂ ಅದರೊಳಗೆ ಬಂದರು. ಆದರೆ ಅದೇ ಕಾನೂನಿನಲ್ಲಿ ಒಂದು ಕಿಂಡಿ ಇತ್ತು: ಆತ್ಮಸಾಕ್ಷಿ ಒಪ್ಪುವುದಿಲ್ಲ ಅನ್ನುವವನು ವಿನಾಯಿತಿ ಕೇಳಬಹುದು, ಸ್ಥಳೀಯ ಟ್ರಿಬ್ಯೂನಲ್ ಅದನ್ನು ತೀರ್ಮಾನಿಸುತ್ತದೆ. ಆ ಟ್ರಿಬ್ಯೂನಲ್‌ನಲ್ಲಿ ಕೂತವರು ಊರಿನ ಕೌನ್ಸಿಲರುಗಳು, ವ್ಯಾಪಾರಿಗಳು, ಜೊತೆಗೆ ಸೈನ್ಯದ ಒಬ್ಬ ಪ್ರತಿನಿಧಿ. ಅವರಲ್ಲಿ ಎಷ್ಟೋ ಜನರ ಮಕ್ಕಳು ಆಗಲೇ ಯುದ್ಧದಲ್ಲಿದ್ದರು. ಎದುರಿಗೆ ನಿಂತ ಹುಡುಗನ ಬಗ್ಗೆ ಅವರಿಗೆ ಕನಿಕರ ಹುಟ್ಟುವುದು ಕಷ್ಟವಿತ್ತು.

ಆ ಪ್ರಶ್ನೆಗೆ ಸರಿಯಾದ ಉತ್ತರವೇ ಇಲ್ಲ, ಗಮನಿಸಿ. "ಏನೂ ಮಾಡಲ್ಲ" ಅಂದರೆ ನೀನು ಮನುಷ್ಯನೇ ಅಲ್ಲ. "ತಡೆಯುತ್ತೇನೆ" ಅಂದರೆ ಹಾಗಾದರೆ ಹೊರಡು ಫ್ರಾನ್ಸಿಗೆ. ಈ ಪ್ರಶ್ನೆ ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಗಂಟಿಗೆ ಕಟ್ಟುತ್ತದೆ. ಕಣ್ಣೆದುರು ತಾಯಿಗೆ ಹೊಡೆಯುತ್ತಿರುವವನನ್ನು ತಡೆಯುವುದು ಒಂದು. ಯಾರೋ ತೋರಿಸಿದ ಕಡೆಗೆ, ಯಾರೋ ಹೇಳಿದ ಕಾರಣಕ್ಕೆ, ನನಗೆ ಏನೂ ಮಾಡದ ಅಪರಿಚಿತನನ್ನು ಕೊಲ್ಲುವುದು ಇನ್ನೊಂದು. ಎರಡನೆಯದನ್ನು ಮಾಡುವ ಮೊದಲು, ಆ ಕಾರಣ ಸರಿಯೋ ತಪ್ಪೋ ಎಂದು ಕೇಳುವ ಹಕ್ಕು ಕೊಲ್ಲಬೇಕಾದವನಿಗೆ ಇದೆಯೋ ಇಲ್ಲವೋ? ನಾನು ಇವತ್ತು ಮಾತಾಡಬೇಕೆಂದಿರುವುದು ಇಷ್ಟೇ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಇದೆ. ಎಲ್ಲ ಯುದ್ಧವನ್ನೂ ಬೇಡ ಅನ್ನುವವನಿಗೆ ಮಾತ್ರವಲ್ಲ, "ಈ ಯುದ್ಧ ಬೇಡ" ಅನ್ನುವವನಿಗೂ ಇದೆ. ಈ ಎರಡನೆಯವನ ಬಗ್ಗೆ ನಾವು ಮಾತಾಡುವುದು ಬಹಳ ಕಡಿಮೆ.

ಮೊದಲು 1916ಕ್ಕೇ ವಾಪಸ್ ಹೋಗೋಣ. ಯುದ್ಧ ಮುಗಿಯುವ ಹೊತ್ತಿಗೆ ಬ್ರಿಟನ್ನಿನಲ್ಲಿ ಸುಮಾರು 16,000 ಜನ ಆತ್ಮಸಾಕ್ಷಿಯ ಕಾರಣ ಕೊಟ್ಟು ನಿರಾಕರಿಸಿದ್ದರು. ಸೇನೆಗೆ ಸೇರಿದವರು ಲಕ್ಷಾಂತರ, ಅದರ ಮುಂದೆ ಇದು ಏನೇನೂ ಅಲ್ಲ. ಇವರೆಲ್ಲ ಒಂದೇ ತರಹದವರೂ ಅಲ್ಲ. ಕ್ವೇಕರ್ ಪಂಥದವರಿದ್ದರು, ಮೆಥಡಿಸ್ಟರಿದ್ದರು, ದೇವರನ್ನೇ ನಂಬದ ಸಮಾಜವಾದಿಗಳಿದ್ದರು. ಗಾಯಾಳುಗಳನ್ನು ಹೊರುತ್ತೇವೆ, ಆದರೆ ಬಂದೂಕು ಮುಟ್ಟಲ್ಲ ಅನ್ನುವವರಿದ್ದರು. ಹೊಲದಲ್ಲಿ ದುಡಿಯುತ್ತೇವೆ, ಸಮವಸ್ತ್ರ ಹಾಕಲ್ಲ ಅನ್ನುವವರೂ ಇದ್ದರು. ಸೈನ್ಯಕ್ಕಾಗಿ ಒಂದು ಆಲೂಗಡ್ಡೆ ಕೂಡ ಸುಲಿಯುವುದಿಲ್ಲ, ಯಾಕೆಂದರೆ ನಾನು ಸುಲಿದರೆ ಸುಲಿಯುತ್ತಿದ್ದವನು ಕೊಲ್ಲಲು ಹೋಗುತ್ತಾನೆ ಅನ್ನುವವರೂ ಇದ್ದರು. ಈ ಕೊನೆಯವರ ತರ್ಕ ಕೇಳಿ ಎಷ್ಟೋ ಜನ ಸಿಟ್ಟಾಗುತ್ತಾರೆ. ನನಗೆ ಅದು ಬಹಳ ಪ್ರಾಮಾಣಿಕವಾದ ತರ್ಕ ಅನ್ನಿಸುತ್ತದೆ. ಯುದ್ಧ ಅನ್ನುವುದು ಟ್ರಿಗರ್ ಒತ್ತುವ ಬೆರಳಿನಲ್ಲಿ ಮಾತ್ರ ಇರುವುದಲ್ಲ ಅಂತ ಅವರಿಗೆ ಗೊತ್ತಿತ್ತು.

ಟ್ರಿಬ್ಯೂನಲ್ ಒಪ್ಪದಿದ್ದರೆ ಏನಾಗುತ್ತಿತ್ತು? ನಿನ್ನನ್ನು ಸೈನಿಕ ಅಂತಲೇ ಪರಿಗಣಿಸಲಾಗುತ್ತಿತ್ತು. ಪೊಲೀಸರು ಹಿಡಿದು ಸೈನ್ಯಕ್ಕೆ ಒಪ್ಪಿಸುತ್ತಿದ್ದರು. ಅಲ್ಲಿ ಸಮವಸ್ತ್ರ ಹಾಕಿಕೋ ಅಂತ ಆಜ್ಞೆ. ಹಾಕದಿದ್ದರೆ ಆಜ್ಞೆ ಮೀರಿದ ಅಪರಾಧ, ಕೋರ್ಟ್ ಮಾರ್ಷಲ್, ಜೈಲು. ಬಿಡುಗಡೆಯಾದ ಕೂಡಲೇ ಮತ್ತೆ ಸೈನ್ಯಕ್ಕೆ, ಮತ್ತೆ ಅದೇ ಆಜ್ಞೆ, ಮತ್ತೆ ಜೈಲು. ಸುಮಾರು 6,000 ಜನ ಹೀಗೆ ಒಮ್ಮೆಯಾದರೂ ಜೈಲು ಕಂಡರು. 70ಕ್ಕೂ ಹೆಚ್ಚು ಜನ ಜೈಲಿನಲ್ಲಿ ಅಥವಾ ಜೈಲಿನ ಪರಿಣಾಮದಿಂದ ಸತ್ತರು.

ಇದರಲ್ಲಿ 35 ಜನರ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಯಾರ್ಕ್‌ಶೈರಿನ ರಿಚ್ಮಂಡ್ ಕೋಟೆಯಲ್ಲಿ 16 ಜನರನ್ನು ಕೂಡಿಹಾಕಿದ್ದರು. ಆ ಕೋಣೆಗಳ ಗೋಡೆ ಮೇಲೆ ಕೈದಿಗಳು ಪೆನ್ಸಿಲಿನಲ್ಲಿ ಬರೆದ ಬರಹಗಳು, ಚಿತ್ರಗಳು ಇವತ್ತಿಗೂ ಇವೆ. 1916ರ ಮೇ ತಿಂಗಳಲ್ಲಿ ಇವರನ್ನೂ, ಬೇರೆ ಕಡೆಯ ಇನ್ನಷ್ಟು ಜನರನ್ನೂ ಸದ್ದಿಲ್ಲದೆ ಫ್ರಾನ್ಸಿಗೆ ಸಾಗಿಸಿದರು. ಯಾಕೆ ಗೊತ್ತಾ? ಬ್ರಿಟನ್ನಿನಲ್ಲಿ ಆಜ್ಞೆ ಮೀರಿದರೆ ಜೈಲು. ಯುದ್ಧಭೂಮಿಯಲ್ಲಿ ಮೀರಿದರೆ ಮರಣದಂಡನೆ. ನಿರಾಕರಿಸಿದ ಹುಡುಗರನ್ನು ಗುಂಡಿಟ್ಟು ಕೊಲ್ಲಬಹುದಾದ ಜಾಗಕ್ಕೇ ಒಯ್ದರು. ಅಲ್ಲಿ ಇವರು ಮತ್ತೆ ನಿರಾಕರಿಸಿದರು. ಜೂನ್‌ನಲ್ಲಿ ಬುಲೋನ್ ಹತ್ತಿರದ ಶಿಬಿರದಲ್ಲಿ, ಸಾಲಾಗಿ ನಿಂತ ಸೈನಿಕರ ಎದುರು ಒಬ್ಬೊಬ್ಬರನ್ನೇ ಮುಂದೆ ಕರೆದು ತೀರ್ಪು ಓದಿದರು. ಗುಂಡಿಟ್ಟು ಮರಣದಂಡನೆ. ಓದುವವನು ನಿಲ್ಲಿಸಿದ. ಇದನ್ನು ಸೇನಾಧಿಪತಿ ಡಗ್ಲಸ್ ಹೇಗ್ ಖಾಯಂ ಮಾಡಿದ್ದಾರೆ. ಮತ್ತೆ ನಿಲ್ಲಿಸಿದ. ಆಮೇಲೆ, ಅದನ್ನು 10 ವರ್ಷದ ಕಠಿಣ ಸಜೆಗೆ ಇಳಿಸಲಾಗಿದೆ. ಆ ಎರಡು ನಿಲುಗಡೆಗಳಲ್ಲಿ ಆ ಹುಡುಗರು ತಾವು ಸತ್ತೆವು ಅಂತಲೇ ತಿಳಿದಿದ್ದರು. ಆ ಹೊತ್ತಿಗೆ ಸುದ್ದಿ ಲಂಡನ್ನಿಗೆ ಮುಟ್ಟಿತ್ತು, ಸಂಸತ್ತಿನಲ್ಲಿ ಗಲಾಟೆಯಾಗಿತ್ತು, ಪ್ರಧಾನಿ ಆಸ್ಕ್ವಿತ್ ಕಡೆಯಿಂದ ಗುಂಡಿಕ್ಕಬೇಡಿ ಅಂತ ಸೂಚನೆ ಹೋಗಿತ್ತು. ಹಾಗಾಗಿ ಉಳಿದರು.

ಈ 35 ಜನರನ್ನು ಹೇಡಿಗಳು ಅಂದವರಿದ್ದರು. ಬೀದಿಯಲ್ಲಿ ಮಫ್ತಿಯಲ್ಲಿ ಓಡಾಡುವ ಯುವಕರ ಕೈಗೆ ಬಿಳಿ ಗರಿ ಕೊಟ್ಟು ಅವಮಾನ ಮಾಡುವ ಚಳವಳಿಯೇ ಆ ಯುದ್ಧದ ಮೊದಲ ತಿಂಗಳಲ್ಲಿ ಶುರುವಾಗಿತ್ತು. ಆದರೆ ಸಾವಿಗೆ ಹೆದರುವವನಿಗೆ ಬೇರೆ ಸುಲಭ ದಾರಿಗಳಿದ್ದವಲ್ವಾ? ಸಮವಸ್ತ್ರ ಹಾಕಿಕೊಂಡು ಗುಮಾಸ್ತನ ಕೆಲಸ ಗಿಟ್ಟಿಸಬಹುದಿತ್ತು, ಕಾಯಿಲೆಯ ನಾಟಕ ಆಡಬಹುದಿತ್ತು. ಗುಂಡಿಕ್ಕುವ ತಂಡದ ಎದುರು ನಿಂತು ಇಲ್ಲ ಅನ್ನುವವನಿಗೆ ಭಯವೇ ಇರಲಿಲ್ಲ ಅಂತ ನಾನು ಹೇಳಲ್ಲ. ಭಯ ಇದ್ದೂ ಅಂದ.

ಹೇಡಿತನದ ಮಾತು ಬಂದಿದ್ದಕ್ಕೆ ಇನ್ನು ಮೂರು ಹೆಸರು. ನ್ಯೂಜಿಲೆಂಡಿನ ರೈತ ಆರ್ಚಿಬಾಲ್ಡ್ ಬಾಕ್ಸ್ಟರ್. 1917ರಲ್ಲಿ ಅಲ್ಲಿನ ಸರ್ಕಾರ 14 ನಿರಾಕರಣೆಗಾರರನ್ನು ಬಲವಂತವಾಗಿ ಹಡಗು ಹತ್ತಿಸಿ ಯುರೋಪಿಗೆ ಕಳಿಸಿತು. ಅವರಲ್ಲಿ ಬಾಕ್ಸ್ಟರ್‌ನನ್ನು ಚಳಿಯಲ್ಲಿ ಕಂಬಕ್ಕೆ ಕೈಕಾಲು ಬಿಗಿದು ಗಂಟೆಗಟ್ಟಲೆ ನಿಲ್ಲಿಸುತ್ತಿದ್ದರು. ಅದಕ್ಕೆ ಫೀಲ್ಡ್ ಪನಿಶ್ಮೆಂಟ್ ನಂಬರ್ ಒನ್ ಅಂತ ಹೆಸರು. ಆಮೇಲೆ ಶೆಲ್ ಬೀಳುವ ಜಾಗದಲ್ಲೂ ಬಿಟ್ಟರು. ಮನಸ್ಸು ಬದಲಾಗಲಿಲ್ಲ. ಎರಡನೆಯದು ಅಮೆರಿಕದ ಡೆಸ್ಮಂಡ್ ಡಾಸ್. ಎರಡನೇ ಮಹಾಯುದ್ಧದಲ್ಲಿ ಆತ ಸೈನ್ಯಕ್ಕೆ ವೈದ್ಯಕೀಯ ಸಹಾಯಕನಾಗಿ ಹೋದ, ಬಂದೂಕು ಮಾತ್ರ ಮುಟ್ಟಲ್ಲ ಅಂದ. 1945ರ ಮೇ ತಿಂಗಳಲ್ಲಿ ಓಕಿನಾವಾದ ಒಂದು ಕಡಿದಾದ ಬೆಟ್ಟದಂಚಿನಿಂದ, ಉಳಿದವರು ಹಿಂದೆ ಸರಿದ ಮೇಲೂ ಅಲ್ಲೇ ಉಳಿದು ಸುಮಾರು 75 ಗಾಯಾಳುಗಳನ್ನು ಹಗ್ಗ ಕಟ್ಟಿ ಕೆಳಗಿಳಿಸಿದ. ಅಮೆರಿಕದ ಅತ್ಯುನ್ನತ ಶೌರ್ಯ ಪದಕವನ್ನು ಅಧ್ಯಕ್ಷ ಟ್ರೂಮನ್ ಆತನಿಗೆ ಕೊಟ್ಟರು. ಮೂರನೆಯದು ಒಬ್ಬರ ಹೆಸರಲ್ಲ, 36 ಜನರದು. ಅವರೆಲ್ಲ ಯುದ್ಧ ನಿರಾಕರಿಸಿದ ಯುವಕರು. 1944-45ರಲ್ಲಿ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗಕ್ಕೆ ತಾವಾಗಿಯೇ ಮುಂದೆ ಬಂದು ಆರು ತಿಂಗಳು ಅರೆಹೊಟ್ಟೆಯಲ್ಲಿದ್ದರು. ದೇಹದ ತೂಕದಲ್ಲಿ ಸುಮಾರು ಕಾಲು ಭಾಗ ಕಳೆದುಕೊಂಡರು. ಯುದ್ಧ ಮುಗಿದ ಮೇಲೆ ಹಸಿವಿನಿಂದ ಬಳಲಿದ ಜನರಿಗೆ ಮತ್ತೆ ಹೇಗೆ ಊಟ ಕೊಡಬೇಕು ಎಂದು ತಿಳಿಯುವುದಕ್ಕೆ.

ಡಾಸ್‌ನಂಥವರನ್ನು ಜಗತ್ತು ತಡವಾಗಿಯಾದರೂ ಒಪ್ಪಿಕೊಂಡಿದೆ. ಅವರನ್ನು ಒಪ್ಪುವುದು ಸುಲಭ ಕೂಡ. ಅವರ ನಂಬಿಕೆ ಅವರನ್ನು ಮಾತ್ರ ಕಟ್ಟಿಹಾಕುತ್ತದೆ: ನಾನು ಕೊಲ್ಲಲ್ಲ, ಯಾರನ್ನೂ, ಯಾವತ್ತೂ. ಅದು ಸರ್ಕಾರವನ್ನು ಪ್ರಶ್ನಿಸುವುದಿಲ್ಲ. ಈ ಯುದ್ಧ ಅನ್ಯಾಯದ್ದು ಅಂತ ಡಾಸ್ ಎಲ್ಲೂ ಹೇಳಲಿಲ್ಲ.

ಈಗ ಕಷ್ಟದ ಮನುಷ್ಯನ ಹತ್ತಿರ ಹೋಗೋಣ.

ಫ್ರಾನ್ಸ್ ಯೇಗರ್‌ಸ್ಟೆಟರ್. ಆಸ್ಟ್ರಿಯಾದ ಸಾಂಕ್ಟ್ ರಾಡೆಗುಂಡ್ ಎಂಬ ಪುಟ್ಟ ಹಳ್ಳಿಯ ರೈತ, 1907ರಲ್ಲಿ ಹುಟ್ಟಿದವನು. ಹೆಂಡತಿ ಫ್ರಾನ್ಸಿಸ್ಕಾ, ಮೂವರು ಪುಟ್ಟ ಹೆಣ್ಣುಮಕ್ಕಳು. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ಸೇರಿಸಿಕೊಂಡ ಮೇಲೆ ನಡೆದ ಮತದಾನದಲ್ಲಿ ಆ ಹಳ್ಳಿಯಲ್ಲಿ ವಿರುದ್ಧ ಮತ ಹಾಕಿದವನು ಇವನೊಬ್ಬನೇ ಅಂತ ಹೇಳುತ್ತಾರೆ. ಆತ ಸೇನಾ ತರಬೇತಿಗೆ ಹೋಗಿದ್ದ. ಅಲ್ಲಿಂದ ವಾಪಸ್ ಬಂದ ಮೇಲೆ ನಿರ್ಧಾರ ಗಟ್ಟಿಯಾಯಿತು: ಇನ್ನು ಕರೆದರೆ ಹೋಗಲ್ಲ. ಯುದ್ಧವೇ ಬೇಡ ಅನ್ನುವುದು ಇವನ ವಾದವಾಗಿರಲಿಲ್ಲ. ತನ್ನ ನಾಡಿಗಾಗಿ ಸಂದರ್ಭ ಬಂದರೆ ಹೋರಾಡುವುದು ತಪ್ಪು ಅಂತ ಅವನ ಧರ್ಮ ಹೇಳಿರಲಿಲ್ಲ. ಅವನು ಹೇಳಿದ್ದು, ನಾಜಿಗಳ ಈ ಯುದ್ಧ ಅನ್ಯಾಯದ್ದು, ಬೇರೆಯವರ ನೆಲ ಕಿತ್ತುಕೊಳ್ಳುವ ಇಂಥ ಯುದ್ಧಕ್ಕೆ ನಾನು ಕೈ ಜೋಡಿಸಿದರೆ ಅದು ಪಾಪ.

ಅವನು ಸುಮ್ನೆ ಹಟ ಹಿಡಿದವನಲ್ಲ. ಪಾದ್ರಿಗಳ ಹತ್ತಿರ ಹೋಗಿ ಕೇಳಿದ. ಲಿಂಜ್‌ನ ಬಿಷಪ್ ಹತ್ತಿರವೇ ಹೋಗಿ ಕೇಳಿದ. ಅವರು ಹೇಳಿದ್ದೇನು? ನಿನಗೆ ಹೆಂಡತಿ ಮಕ್ಕಳಿದ್ದಾರೆ, ಯುದ್ಧ ಸರಿಯೋ ತಪ್ಪೋ ಅನ್ನುವುದು ಆಳುವವರ ಜವಾಬ್ದಾರಿ, ನಿನ್ನದಲ್ಲ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. 1943ರ ಮಾರ್ಚ್ 1ಕ್ಕೆ ಎನ್ಸ್ ಪಟ್ಟಣದ ಸೇನಾ ಶಿಬಿರಕ್ಕೆ ಹೋಗಿ ತಾನೇ ಹಾಜರಾದ, ಹೋರಾಡುವುದಿಲ್ಲ ಅಂದ. ಗಾಯಾಳುಗಳ ಸೇವೆ ಕೊಡಿ ಮಾಡುತ್ತೇನೆ ಅಂತ ಕೇಳಿಕೊಂಡ, ಕೊಡಲಿಲ್ಲ. ಬರ್ಲಿನ್‌ನ ಸೇನಾ ನ್ಯಾಯಾಲಯ ಜುಲೈನಲ್ಲಿ ಮರಣದಂಡನೆ ಕೊಟ್ಟಿತು. 1943ರ ಆಗಸ್ಟ್ 9ರಂದು ಬ್ರಾಂಡೆನ್‌ಬುರ್ಗ್‌ನಲ್ಲಿ ಗಿಲೊಟಿನ್ ಯಂತ್ರಕ್ಕೆ ತಲೆ ಕೊಟ್ಟ. ವಯಸ್ಸು 36.

ಆಮೇಲಿನದ್ದು ನನ್ನನ್ನು ಇನ್ನೂ ಜಾಸ್ತಿ ಕಾಡುತ್ತದೆ. ನಾಜಿಗಳು ಸೋತರು, ಸಂತೋಷ. ಆದರೆ ಹಳ್ಳಿಯಲ್ಲಿ ಫ್ರಾನ್ಸಿಸ್ಕಾಗೆ ಗೌರವ ಸಿಗಲಿಲ್ಲ. ನಮ್ಮ ಮನೆ ಗಂಡಸರೆಲ್ಲ ಹೋದರು, ಸತ್ತರು, ನಿನ್ನ ಗಂಡ ಮಾತ್ರ ದೊಡ್ಡ ಮನುಷ್ಯನಾ ಅನ್ನುವ ಸಿಟ್ಟು. ಯುದ್ಧದಲ್ಲಿ ಸತ್ತ ಸೈನಿಕರ ವಿಧವೆಯರಿಗೆ ಸಿಗುವ ಪಿಂಚಣಿಯನ್ನು ಮೊದಮೊದಲು ಆಕೆಗೆ ನಿರಾಕರಿಸಿದರು. ಹೊಲ, ಮನೆ, ಮೂವರು ಮಕ್ಕಳು, ಎಲ್ಲವನ್ನೂ ಆಕೆ ಎಳೆದಳು. ಅವನ ಮೇಲಿನ ತೀರ್ಪನ್ನು ಬರ್ಲಿನ್‌ನ ನ್ಯಾಯಾಲಯ ರದ್ದು ಮಾಡಿದ್ದು 1997ರಲ್ಲಿ. 2007ರ ಅಕ್ಟೋಬರ್‌ನಲ್ಲಿ, ಅವನಿಗೆ ಬುದ್ಧಿವಾದ ಹೇಳಿ ಕಳಿಸಿದ್ದ ಅದೇ ಲಿಂಜ್‌ನಲ್ಲಿ, ಕ್ಯಾಥೊಲಿಕ್ ಚರ್ಚು ಅವನನ್ನು ಪುಣ್ಯಾತ್ಮರ ಸಾಲಿಗೆ ಸೇರಿಸಿತು. ಫ್ರಾನ್ಸಿಸ್ಕಾ ಆಗ ತೊಂಬತ್ತು ದಾಟಿದ ಮುದುಕಿ, ಆ ಸಮಾರಂಭದಲ್ಲಿ ಇದ್ದಳು. ತೀರಿಕೊಂಡಿದ್ದು 2013ರಲ್ಲಿ, ನೂರು ತುಂಬಿದ ಮೇಲೆ.

ಈಗ ಬಿಷಪ್ ಹೇಳಿದ ಮಾತಿಗೆ ಬನ್ನಿ. ಸರಿ ತಪ್ಪು ಆಳುವವರಿಗೆ ಬಿಡು. ಇದಾಗಿ ಮೂರೇ ವರ್ಷಕ್ಕೆ ನ್ಯೂರೆಂಬರ್ಗ್‌ನಲ್ಲಿ ನಾಜಿ ನಾಯಕರ ವಿಚಾರಣೆ ಮುಗಿದು ತೀರ್ಪು ಬಂತು. ಅಲ್ಲಿ ಆರೋಪಿಗಳು ಹಿಡಿದ ಆಸರೆ ಯಾವುದು? ಮೇಲಿನವರ ಆಜ್ಞೆ ಪಾಲಿಸಿದೆವು. ನ್ಯಾಯಾಲಯ ಒಪ್ಪಲಿಲ್ಲ. 1950ರಲ್ಲಿ ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗ ಆ ತೀರ್ಪಿನ ಸಾರವನ್ನು ತತ್ವಗಳಾಗಿ ಬರೆದಿಟ್ಟಿತು. ನಾಲ್ಕನೆಯ ತತ್ವ ಹೇಳುವುದು ಹೀಗೆ: ಸರ್ಕಾರದ ಅಥವಾ ಮೇಲಧಿಕಾರಿಯ ಆಜ್ಞೆಯಂತೆ ಮಾಡಿದೆ ಅನ್ನುವುದರಿಂದ ಹೊಣೆ ತಪ್ಪುವುದಿಲ್ಲ, ಬೇರೆ ನೈತಿಕ ಆಯ್ಕೆ ಅವನ ಮುಂದೆ ನಿಜಕ್ಕೂ ಇದ್ದಿದ್ದರೆ.

ಅಂದರೆ ಜಗತ್ತು ಸೈನಿಕನಿಗೆ ಯುದ್ಧ ಮುಗಿದ ಮೇಲೆ ಕೇಳುತ್ತದೆ: ನೀನು ಯಾಕೆ ಇಲ್ಲ ಅನ್ನಲಿಲ್ಲ? ಯುದ್ಧ ನಡೆಯುವಾಗ ಅವನ ದೇಶ ಹೇಳುತ್ತದೆ: ಇಲ್ಲ ಅಂದರೆ ಜೈಲು. ಇಪ್ಪತ್ತು ವರ್ಷದ ಹುಡುಗನನ್ನು ಈ ಎರಡು ಗೋಡೆಗಳ ನಡುವೆ ನಿಲ್ಲಿಸಿ ನಾವು ಆರಾಮಾಗಿದ್ದೇವೆ. ನಿರಾಕರಿಸುವ ಜವಾಬ್ದಾರಿಯನ್ನು ಅವನ ತಲೆಗೆ ಕಟ್ಟಿದ ಮೇಲೆ ನಿರಾಕರಿಸುವ ಹಕ್ಕನ್ನೂ ಕೊಡಬೇಕಲ್ವಾ?

ಈ ಪ್ರಶ್ನೆ ನೇರವಾಗಿ ಕಟಕಟೆ ಹತ್ತಿದ್ದು ಅಮೆರಿಕದಲ್ಲಿ, ವಿಯೆಟ್ನಾಂ ಯುದ್ಧದ ಕಾಲಕ್ಕೆ. ಅಲ್ಲಿನ ಸುಪ್ರೀಂ ಕೋರ್ಟು 1965ರಲ್ಲಿ ಮತ್ತು 1970ರಲ್ಲಿ ಎರಡು ಒಳ್ಳೆಯ ತೀರ್ಪು ಕೊಟ್ಟಿತ್ತು. ಚರ್ಚಿಗೆ ಹೋಗುವವನೇ ಆಗಬೇಕಿಲ್ಲ, ಆಳವಾದ ನೈತಿಕ ನಂಬಿಕೆ ಇದ್ದರೂ ಸಾಕು ಅಂತ. ಆದರೆ 1971ರಲ್ಲಿ ಗಿಲೆಟ್ ಎಂಬವನ ಮೊಕದ್ದಮೆ ಬಂತು. ದೇಶದ ರಕ್ಷಣೆಗೆ ಹೋರಾಡುತ್ತೇನೆ, ವಿಯೆಟ್ನಾಂ ಯುದ್ಧ ಅನ್ಯಾಯದ್ದು, ಅದಕ್ಕೆ ಹೋಗಲ್ಲ ಅಂದ. ಅವನ ಜೊತೆಗೇ ವಿಚಾರಣೆಗೆ ಬಂದ ಇನ್ನೊಬ್ಬ ಕ್ಯಾಥೊಲಿಕ್. ನ್ಯಾಯದ ಯುದ್ಧ, ಅನ್ಯಾಯದ ಯುದ್ಧ ಅಂತ ಬೇರ್ಪಡಿಸಿ ನೋಡಬೇಕು ಅನ್ನುವುದೇ ತನ್ನ ಧರ್ಮದ ಬೋಧನೆ ಅಂತ ಅವನ ವಾದ. ನ್ಯಾಯಾಲಯ 8-1ರ ಬಹುಮತದಲ್ಲಿ ಇಬ್ಬರನ್ನೂ ತಳ್ಳಿಹಾಕಿತು. ವಿರೋಧಿಸುವುದಾದರೆ ಎಲ್ಲ ಯುದ್ಧವನ್ನೂ ವಿರೋಧಿಸಬೇಕು, ಆರಿಸಿಕೊಳ್ಳುವ ಹಾಗಿಲ್ಲ. ಒಬ್ಬೊಬ್ಬನ ರಾಜಕೀಯ ಅಭಿಪ್ರಾಯವನ್ನೂ ಆತ್ಮಸಾಕ್ಷಿಯನ್ನೂ ಬೇರ್ಪಡಿಸಿ ನ್ಯಾಯವಾಗಿ ತೂಗುವುದು ಆಗದ ಕೆಲಸ ಅನ್ನುವುದು ಮುಖ್ಯ ಕಾರಣ. ಆ ಕಷ್ಟ ನಿಜವೇ. ಆದರೆ ತೂಗುವುದು ಕಷ್ಟ ಅಂತ ಒಬ್ಬನ ಆತ್ಮಸಾಕ್ಷಿಯನ್ನು ತಕ್ಕಡಿಗೇ ಹಾಕದಿರುವುದು ನನಗೆ ಸರಿ ಕಾಣುವುದಿಲ್ಲ. ಯೇಗರ್‌ಸ್ಟೆಟರ್ ಆ ನ್ಯಾಯಾಲಯದ ಮುಂದೆ ನಿಂತಿದ್ದರೂ ಸೋಲುತ್ತಿದ್ದ, ಯೋಚಿಸಿ.

ಬಾಕ್ಸರ್ ಮುಹಮ್ಮದ್ ಅಲಿಯ ಕಥೆ ನಿಮಗೆಲ್ಲ ಗೊತ್ತು. 1967ರ ಏಪ್ರಿಲ್ 28ರಂದು ಹ್ಯೂಸ್ಟನ್ನಿನಲ್ಲಿ ಸೇನಾ ಭರ್ತಿಗೆ ಹೆಸರು ಕೂಗಿದಾಗ ಮುಂದೆ ಹೆಜ್ಜೆ ಇಡಲಿಲ್ಲ. 5 ವರ್ಷ ಜೈಲು, 10,000 ಡಾಲರ್ ದಂಡ ವಿಧಿಸಿದರು. ಮೇಲ್ಮನವಿ ಇದ್ದದ್ದರಿಂದ ಜೈಲಿಗೆ ಹೋಗಲಿಲ್ಲ, ಆದರೆ ವಿಶ್ವ ಚಾಂಪಿಯನ್ ಪಟ್ಟ ಕಿತ್ತುಕೊಂಡರು, ಮೂರು ವರ್ಷಕ್ಕೂ ಹೆಚ್ಚು ಕಾಲ ಕಣಕ್ಕಿಳಿಯಲು ಬಿಡಲಿಲ್ಲ. ಒಬ್ಬ ಬಾಕ್ಸರ್‌ನ ಬಾಳಿನಲ್ಲಿ 25ರಿಂದ 28ರ ವಯಸ್ಸು ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಅವನ ಮೇಲೂ ಸರ್ಕಾರದ ವಾದ ಇದೇ ಆಗಿತ್ತು: ಇವನು ಎಲ್ಲ ಯುದ್ಧವನ್ನೂ ವಿರೋಧಿಸುವವನಲ್ಲ. 1971ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಅವನನ್ನು ಬಿಡುಗಡೆ ಮಾಡಿತು. ಆದರೆ ಅದು ತಾಂತ್ರಿಕ ಕಾರಣಕ್ಕೆ. ವಿನಾಯಿತಿ ನಿರಾಕರಿಸಿದ ಮಂಡಳಿ ಯಾವ ಕಾರಣಕ್ಕೆ ನಿರಾಕರಿಸಿತು ಅಂತ ಹೇಳಿರಲಿಲ್ಲ, ಅಷ್ಟೇ. ಮೂಲ ಪ್ರಶ್ನೆ ಹಾಗೇ ಉಳಿಯಿತು.

2006ರಲ್ಲಿ ಅದು ಮತ್ತೆ ಎದ್ದಿತು. ಎಹ್ರೆನ್ ವಟಾಡಾ, ಅಮೆರಿಕದ ಸೇನೆಯ ಲೆಫ್ಟಿನೆಂಟ್. ಕಡ್ಡಾಯಕ್ಕೆ ಬಂದವನಲ್ಲ, ತಾನಾಗಿ ಸೇರಿದವನು. ಇರಾಕ್ ಯುದ್ಧದ ಬಗ್ಗೆ ಓದುತ್ತಾ ಹೋದ ಹಾಗೆ ಅದು ಕಾನೂನುಬಾಹಿರ ಎಂಬ ತೀರ್ಮಾನಕ್ಕೆ ಬಂದ. ಅಫ್ಘಾನಿಸ್ತಾನಕ್ಕೆ ಕಳಿಸಿ, ಹೋಗುತ್ತೇನೆ ಅಂದ. ಹೆದರಿಕೆಯ ಮಾತೇ ಇಲ್ಲ ಇಲ್ಲಿ. ಸೈನ್ಯ ಒಪ್ಪಲಿಲ್ಲ, ಕೋರ್ಟ್ ಮಾರ್ಷಲ್ ಮಾಡಿತು. 2007ರಲ್ಲಿ ಆ ವಿಚಾರಣೆ ಅರ್ಧಕ್ಕೇ ನಿಂತುಹೋಯಿತು, ಕೊನೆಗೆ 2009ರಲ್ಲಿ ಅವನನ್ನು ಸೇನೆಯಿಂದ ಬಿಟ್ಟರು. ಯುದ್ಧ ಕಾನೂನುಬದ್ಧವೋ ಅಲ್ಲವೋ ಅನ್ನುವುದನ್ನು ಆ ವಿಚಾರಣೆಯಲ್ಲಿ ಎತ್ತಲು ನ್ಯಾಯಾಧೀಶರು ಬಿಡಲಿಲ್ಲ.

ಇಡೀ ಯುದ್ಧವನ್ನು ಅಲ್ಲ, ಒಂದೇ ಒಂದು ಆಜ್ಞೆಯನ್ನು ನಿರಾಕರಿಸಿದವರೂ ಇದ್ದಾರೆ. ಇವರನ್ನೂ ನಾನು ಇದೇ ಸಾಲಿಗೆ ಸೇರಿಸುತ್ತೇನೆ. 1930ರ ಏಪ್ರಿಲ್ 23, ಪೇಶಾವರದ ಕಿಸ್ಸಾ ಖ್ವಾನಿ ಬಜಾರ್. ಎದುರಿಗೆ ಖಾನ್ ಅಬ್ದುಲ್ ಗಫಾರ್ ಖಾನರ ಬಂಧನವನ್ನು ಪ್ರತಿಭಟಿಸುತ್ತಿರುವ ನಿರಾಯುಧ ಪಠಾಣರು. ಬ್ರಿಟಿಷರ ಸೇನೆಯ ಗಢ್ವಾಲ್ ರೈಫಲ್ಸ್ ಪಡೆಗೆ ಗುಂಡು ಹಾರಿಸಿ ಅಂತ ಆಜ್ಞೆ. ಹವಾಲ್ದಾರ್ ಚಂದ್ರ ಸಿಂಗ್ ಗಢ್ವಾಲಿ ಮತ್ತು ಅವನ ಜೊತೆಯವರು ಹಾರಿಸಲಿಲ್ಲ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್, ಮೆಸೊಪೊಟೇಮಿಯಾ ಎರಡೂ ಕಡೆ ಹೋರಾಡಿ ಬಂದ ಹಳೇ ಸೈನಿಕ ಅವನು. ಗುಂಡು ಹಾರಿಸುವುದು ಅವನಿಗೆ ಹೊಸದಲ್ಲ. ಬರಿಗೈ ಜನರ ಮೇಲೆ ಹಾರಿಸಲ್ಲ ಅಂದ, ಅಷ್ಟೇ. ಆಜೀವ ಸಜೆಯಾಯಿತು, ಆಸ್ತಿ ಮುಟ್ಟುಗೋಲಾಯಿತು, ಹೊರಬಂದಿದ್ದು 1941ರಲ್ಲಿ.

ಈ ಪ್ರಕರಣದಲ್ಲಿ ಗಾಂಧೀಜಿಯವರ ನಿಲುವು ಬಹಳ ಜನಕ್ಕೆ ಗೊತ್ತಿಲ್ಲ. 1931ರಲ್ಲಿ ಲಂಡನ್ನಿನಲ್ಲಿದ್ದಾಗ ಒಬ್ಬ ಫ್ರೆಂಚ್ ಪತ್ರಕರ್ತ ಈ ಗಢ್ವಾಲಿ ಸಿಪಾಯಿಗಳ ಬಗ್ಗೆ ಕೇಳಿದ. ಗಾಂಧೀಜಿ ಅವರನ್ನು ಬೆಂಬಲಿಸಲಿಲ್ಲ. ಆಜ್ಞೆ ಪಾಲಿಸುತ್ತೇನೆ ಎಂದು ಪ್ರಮಾಣ ಮಾಡಿದ ಸೈನಿಕ ಅದನ್ನು ಮೀರುವುದು ತಪ್ಪು, ನಾಳೆ ಸ್ವರಾಜ್ಯ ಬಂದರೆ ಇದೇ ಸೈನಿಕರು ನಮ್ಮ ಆಜ್ಞೆಯನ್ನೂ ಮೀರಬಹುದು ಎಂಬರ್ಥದ ಮಾತು ಹೇಳಿದರು. ಅಹಿಂಸೆಯ ಅಷ್ಟು ದೊಡ್ಡ ಮನುಷ್ಯ ಹೀಗೆ ಹೇಳಿದ್ದನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಬಂದೂಕು ಹಿಡಿದ ಪಡೆ ತನಗೆ ತೋಚಿದಂತೆ ನಡೆಯತೊಡಗಿದರೆ ಏನಾಗುತ್ತದೆ ಎಂಬ ಭಯ ಅದರಲ್ಲಿದೆ. ಆದರೂ ನಾನು ಈ ಒಂದು ವಿಷಯದಲ್ಲಿ ಹವಾಲ್ದಾರನ ಕಡೆ. ಸೈನಿಕ ತನ್ನಿಷ್ಟದಂತೆ ಗುಂಡು ಹಾರಿಸುವುದು ಬೇರೆ, ಹಾರಿಸದೆ ಶಿಕ್ಷೆಗೆ ಸಿದ್ಧನಾಗಿ ನಿಲ್ಲುವುದು ಬೇರೆ. ಮೊದಲನೆಯದರಿಂದ ದಂಗೆಗಳಾಗಿವೆ, ಸರ್ಕಾರಗಳು ಉರುಳಿವೆ. ಎರಡನೆಯದರಿಂದ, ಆ ದಿನ ಪೇಶಾವರದಲ್ಲಿ ಬೇರೆ ಪಡೆಗಳು ಗುಂಡು ಹಾರಿಸಿದರೂ, ಈ ಪಡೆಯ ಗುಂಡಿಗೆ ಸಿಗದೆ ಜನ ಬದುಕಿದರು.

ವಿಯೆಟ್ನಾಂನ ಮೈ ಲಾಯ್ ಹಳ್ಳಿಯಲ್ಲೂ ಬದುಕಿದರು, ಕೆಲವರಾದರೂ. 1968ರ ಮಾರ್ಚ್ 16ರಂದು ಅಮೆರಿಕದ ಸೈನಿಕರು ಅಲ್ಲಿ ನೂರಾರು ಹಳ್ಳಿಗರನ್ನು ಕೊಲ್ಲುತ್ತಿದ್ದಾಗ, ಹ್ಯೂ ಥಾಂಪ್ಸನ್ ಎಂಬ ಹೆಲಿಕಾಪ್ಟರ್ ಪೈಲಟ್ ಸೈನಿಕರಿಗೂ ಹಳ್ಳಿಗರಿಗೂ ನಡುವೆ ಇಳಿದ. ನಮ್ಮವರು ಈ ಜನರ ಮೇಲೆ ಗುಂಡು ಹಾರಿಸಿದರೆ ನೀವು ನಮ್ಮವರ ಮೇಲೇ ಹಾರಿಸಿ ಅಂತ ತನ್ನ ಇಬ್ಬರು ಸಹಾಯಕರಿಗೆ ಹೇಳಿದ. ಊರಿಗೆ ಬಂದ ಮೇಲೆ ಅವನಿಗೆ ಸಿಕ್ಕಿದ್ದು ಕೊಲೆ ಬೆದರಿಕೆಗಳು. ಪದಕ ಕೊಟ್ಟಿದ್ದು 1998ರಲ್ಲಿ.

ಇವತ್ತಿನ ಸ್ಥಿತಿ ಸ್ವಲ್ಪ ಹೇಳಿ ಮುಗಿಸುತ್ತೇನೆ. ಜರ್ಮನಿ ತನ್ನ ಅಪರಾಧದಿಂದ ಕಲಿತು 1949ರ ಸಂವಿಧಾನದಲ್ಲೇ, ಆತ್ಮಸಾಕ್ಷಿಗೆ ವಿರುದ್ಧವಾಗಿ ಯಾರನ್ನೂ ಶಸ್ತ್ರಸಹಿತ ಯುದ್ಧ ಸೇವೆಗೆ ಬಲವಂತ ಮಾಡುವ ಹಾಗಿಲ್ಲ ಎಂದು ಬರೆದುಕೊಂಡಿತು. ದಕ್ಷಿಣ ಕೊರಿಯಾದಲ್ಲಿ ದಶಕಗಳ ಕಾಲ ಸಾವಿರಾರು ಯುವಕರು, ಹೆಚ್ಚಿನವರು ಯೆಹೋವನ ಸಾಕ್ಷಿಗಳ ಪಂಥದವರು, ಜೈಲಿಗೆ ಹೋದರು. 2018ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಪರ್ಯಾಯ ಸೇವೆ, ಅಂದರೆ ಸೈನ್ಯದ ಬದಲು ಬೇರೆ ಕೆಲಸ, ಕೊಡಲೇಬೇಕು ಅಂದಿತು. ಕೊಟ್ಟರು, ಆದರೆ 36 ತಿಂಗಳು, ಅದೂ ಜೈಲುಗಳಲ್ಲಿ ಕೆಲಸ. ಎರಿಟ್ರಿಯಾದಲ್ಲಿ ಅದೇ ಪಂಥದ ಮೂವರನ್ನು 1994ರಲ್ಲಿ ಹಿಡಿದು ಯಾವ ವಿಚಾರಣೆಯೂ ಇಲ್ಲದೆ 2020ರ ಡಿಸೆಂಬರ್‌ವರೆಗೆ ಇಟ್ಟರು. 26 ವರ್ಷ. ರಷ್ಯಾದ ಸಂವಿಧಾನದಲ್ಲೂ ಉಕ್ರೇನಿನ ಸಂವಿಧಾನದಲ್ಲೂ ಪರ್ಯಾಯ ಸೇವೆಯ ಮಾತಿದೆ. 2022ರ ನಂತರ ಎರಡೂ ಕಡೆ ನಿರಾಕರಿಸಿದವರು ಜೈಲು ಕಂಡಿದ್ದಾರೆ. ಆ ಎರಡು ದೇಶಗಳನ್ನು ನಾನು ಒಂದೇ ಸಾಲಿನಲ್ಲಿ ನಿಲ್ಲಿಸಲ್ಲ, ಒಂದು ದಾಳಿ ಮಾಡಿದ್ದು, ಇನ್ನೊಂದು ದಾಳಿಗೆ ಒಳಗಾಗಿದ್ದು. ಆದರೆ ಕೊಲ್ಲಲಾರೆ ಅನ್ನುವ ಮನುಷ್ಯ ಗಡಿಯ ಯಾವ ಕಡೆ ಹುಟ್ಟಿದ ಅನ್ನುವುದರಿಂದ ಅವನ ಆತ್ಮಸಾಕ್ಷಿಯ ಬೆಲೆ ಬದಲಾಗಬಾರದು.

ಇನ್ನು ಸಭೆಯಲ್ಲಿ ಬಂದ ಪ್ರಶ್ನೆಗಳು.

ಮೊದಲ ಪ್ರಶ್ನೆ ಅರ್ಜುನನ ಬಗ್ಗೆ. ಅವನೂ ಬಿಲ್ಲು ಕೆಳಗಿಟ್ಟನಲ್ಲ, ಆ ಮಾತಿಗೆ ಉತ್ತರ ಆಗಲೇ ಸಿಕ್ಕಿದೆಯಲ್ಲ ಅಂತ ಒಬ್ಬರು ಹಿರಿಯರು ಕೇಳಿದರು. ಅರ್ಜುನನ ಸಂಕಟ ಮುಖ್ಯವಾಗಿ ಎದುರಿಗಿರುವವರು ಅಜ್ಜ, ಗುರು, ಅಣ್ಣತಮ್ಮಂದಿರು ಅನ್ನುವುದು. ಅದಕ್ಕೂ ಮೊದಲು ಎಷ್ಟೋ ಯುದ್ಧ ಮಾಡಿದ್ದ, ಅಪರಿಚಿತರನ್ನು ಕೊಲ್ಲುವಾಗ ಕೈ ನಡುಗಿರಲಿಲ್ಲ. ನಾನು ಹೇಳಿದ ಜನ ಮುಖವೇ ನೋಡದ ಅಪರಿಚಿತನ ಸಲುವಾಗಿ ಜೈಲಿಗೆ ಹೋದವರು. ಹಾಗಾಗಿ ಆ ಉತ್ತರ ಈ ಪ್ರಶ್ನೆಗೆ ಹೊಂದುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ, ಅವರು ಒಪ್ಪಲಿಲ್ಲ.

ಎರಡನೆಯದು, ತಾನೇ ಸಹಿ ಹಾಕಿ ಸಂಬಳ ತಗೊಂಡು ಸೇರಿದವನು ಆಮೇಲೆ ಬರಲ್ಲ ಅನ್ನುವುದು ಮೋಸ ಅಲ್ವಾ? ಹದಿನೆಂಟು ಹತ್ತೊಂಬತ್ತರಲ್ಲಿ ಹಾಕಿದ ಸಹಿ ಅದು. ಆ ವಯಸ್ಸಿನಲ್ಲಿ ಯುದ್ಧ ಅಂದರೆ ಏನು ಅಂತ ಗೊತ್ತಿರುವುದಿಲ್ಲ. ಮನುಷ್ಯ ಬದಲಾಗುವುದು ಹೆಚ್ಚಾಗಿ ಯುದ್ಧ ನೋಡಿದ ಮೇಲೆಯೇ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗ 1998ರ ನಿರ್ಣಯದಲ್ಲಿ ಇದನ್ನು ಒಪ್ಪಿಕೊಂಡಿದೆ: ಸೇವೆಯಲ್ಲಿರುವಾಗಲೂ ಇಂಥ ನಂಬಿಕೆ ಹುಟ್ಟಬಹುದು. ಕೆಲಸ ಬಿಡಲಿ, ಸಂಬಳ ನಿಲ್ಲಲಿ, ಪಿಂಚಣಿ ಹೋಗಲಿ. ಜೈಲು ಯಾಕೆ?

ಮೂರನೆಯದು ಎಲ್ಲರೂ ಕೇಳುವ ಪ್ರಶ್ನೆ. ಎಲ್ಲರೂ ಹೀಗೆ ಅಂದರೆ ದೇಶ ಉಳಿಯುತ್ತದಾ? ಅನುಭವ ಏನು ಹೇಳುತ್ತದೆ ನೋಡಿ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಮೊದಲಿನ ತಪ್ಪನ್ನು ತಿದ್ದಿಕೊಂಡಿತು. ಟ್ರಿಬ್ಯೂನಲ್‌ಗಳಲ್ಲಿ ಸೈನ್ಯದ ಪ್ರತಿನಿಧಿ ಇರಲಿಲ್ಲ, ನ್ಯಾಯಾಧೀಶರು ಅಧ್ಯಕ್ಷತೆ ವಹಿಸುತ್ತಿದ್ದರು. ತಲೆ ಮೇಲೆ ಬಾಂಬು ಬೀಳುತ್ತಿರುವಾಗ ಸುಮಾರು 60,000 ಜನ ನಿರಾಕರಣೆಗೆ ಹೆಸರು ಬರೆಸಿದರು. ದೇಶ ಸೋಲಲಿಲ್ಲ. ಅವರಲ್ಲಿ ನೂರಾರು ಜನ ಸಿಡಿಯದೆ ಬಿದ್ದ ಬಾಂಬುಗಳನ್ನು ಅಗೆದು ತೆಗೆಯುವ ಕೆಲಸಕ್ಕೆ ತಾವಾಗಿ ಹೋದರು. ತಮ್ಮ ದೇಶ ಉಳಿಯಬೇಕು ಅಂತ ಜನರಿಗೆ ನಿಜಕ್ಕೂ ಅನ್ನಿಸಿದಾಗ ಬಹುತೇಕರು ಹೋಗುತ್ತಾರೆ. ಸಾವಿರಾರು ಸೈನಿಕರು ಒಟ್ಟಿಗೆ ಹೋಗಲ್ಲ ಅನ್ನತೊಡಗಿದರೆ ಆ ಯುದ್ಧವನ್ನೇ ಮತ್ತೊಮ್ಮೆ ನೋಡಬೇಕಾಗುತ್ತದೆ.

ಕೊನೆಯ ಪ್ರಶ್ನೆ ಒಬ್ಬ ವಿದ್ಯಾರ್ಥಿನಿಯದು, ನನಗೆ ಬಹಳ ಇಷ್ಟವಾಯಿತು. ಸರ್, ಇವನ ಆತ್ಮಸಾಕ್ಷಿ ನಿಜವೋ ಸುಳ್ಳೋ ಅಂತ ತೀರ್ಮಾನ ಮಾಡುವವರು ಯಾರು? ಸೈನ್ಯವಂತೂ ಅಲ್ಲ. ಅವರಿಗೆ ಆಳು ಬೇಕು, ಅವರೇ ತೀರ್ಪುಗಾರರಾಗಬಾರದು. ಸೈನ್ಯಕ್ಕೆ ಸಂಬಂಧವಿಲ್ಲದ, ಮೇಲ್ಮನವಿಗೆ ಅವಕಾಶವಿರುವ ಮಂಡಳಿ ಬೇಕು. ಅದು ತಾಯಿಯ ಮೇಲೆ ಕೈ ಮಾಡಿದರೆ ಅಂತ ಕೇಳಬಾರದು. ನೀನು ಹೇಗೆ ಬದುಕಿದ್ದೀಯ, ಈ ತೀರ್ಮಾನಕ್ಕೆ ಹೇಗೆ ಬಂದೆ, ಬದಲಿಗೆ ಏನು ಮಾಡಲು ಸಿದ್ಧನಿದ್ದೀಯ ಅಂತ ಕೇಳಲಿ. ಪರ್ಯಾಯ ಸೇವೆ ಕಷ್ಟದ್ದೇ ಇರಲಿ, ಆಸ್ಪತ್ರೆ, ಬೆಂಕಿ, ಪ್ರವಾಹ, ಯಾವುದಾದರೂ ಸರಿ. ಆದರೆ ಅದು ಶಿಕ್ಷೆಯಾಗಬಾರದು, ಸೈನಿಕನ ಅವಧಿಯ ಎರಡರಷ್ಟು ಮೂರರಷ್ಟು ಎಳೆಯಬಾರದು. ಆಗ ಸುಳ್ಳು ಹೇಳಿ ಬರುವವರು ಒಂದಷ್ಟು ಜನ ಇದ್ದೇ ಇರುತ್ತಾರೆ, ಅವರಿಂದಲೂ ಆಸ್ಪತ್ರೆಗೆ ಉಪಯೋಗವೇ ಆಗುತ್ತದೆ. ನಿಜ ಹೇಳಿದ ಒಬ್ಬನನ್ನು ಜೈಲಿಗೆ ಹಾಕುವುದಕ್ಕಿಂತ ಸುಳ್ಳು ಹೇಳಿದ ಹತ್ತು ಜನ ಸ್ಟ್ರೆಚರ್ ಹೊರುವುದು ನನಗೆ ಒಪ್ಪಿಗೆ ಅಂದೆ. ಅವಳು ಇನ್ನೊಂದು ಕೇಳಿದಳು: ಈ ಯುದ್ಧ ಮಾತ್ರ ಬೇಡ ಅನ್ನುವವನಿಗೂ ಅದೇ ಮಂಡಳಿನಾ? ಹೌದು, ಅದೇ ಮಂಡಳಿ, ಅದೇ ಮೂರು ಪ್ರಶ್ನೆ.